ಈಲಿ ಸವರಿದ ಹಲಗೆ

ತಮ್ಮನ ಬಲಗೈಯನ್ನು ಅವನದೇ ದೋಣಿಯ ಹುಟ್ಟಿನಿಂದ ಮುರಿದರು. ಹಗಲು ಹನ್ನೊಂದು ಗಂಟೆ. ದೋಣಿ ನಿಲ್ಲುವ ದಕ್ಕೆಯ ಮೇಲೆ ಇನ್ನೂರು ಜನ ಇದ್ದರು. ಮೊದಲ ಏಟಿಗೆ ಕೈ ಮುರಿಯಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಮುರಿಯಿತು. ಹುಟ್ಟು ಹಾಗೇ ಇತ್ತು. ಒಳ್ಳೆಯ ಮರ, ಅಪ್ಪ ಕೆತ್ತಿದ್ದು.

ಹೊಡೆದವರು ಇಬ್ಬರು ಕರಾವಳಿ ಕಾವಲು ಪಡೆಯವರು. ಹಿಡಿದುಕೊಂಡವನು ಧಣಿಯ ಮೀನು ಕತ್ತರಿಸುವ ಶೆಡ್ಡಿನ ಮೇಸ್ತ್ರಿ. ಕಾರಣ ಒಂದು ಕಾಗದ. ಸುತ್ತಿಗೆ ತಲೆಯ ಶಾರ್ಕನ್ನು ಯಾರೂ ಹಿಡಿಯಬಾರದೆಂದು ಕಾನೂನಿದೆ. ಈ ದೋಣಿಯವನು ಹಿಡಿದಿದ್ದಾನೆ. ಇವನ ಆರು ಮೀನಿನ ಮಾಂಸವನ್ನು ಡಿಎನ್‌ಎ ಪರೀಕ್ಷೆ ಮಾಡಿಸಿದ್ದೇವೆ, ಆರೂ ಅದೇ. ಹೀಗೆಂದು ಕಾಗದ ಹೇಳುತ್ತಿತ್ತು.

"ನಾನು ಹಿಡಿದಿದ್ದು ಚೂಪುಮೂತಿ ಶಾರ್ಕು, ಸ್ವಾಮಿ," ಎಂದಿದ್ದ ತಮ್ಮ. "ಸುತ್ತಿಗೆ ತಲೆ ನನ್ನ ಬಲೆಗೆ ಬಿದ್ದರೆ ಬಲೆ ಅಲ್ಲ, ದೋಣೀನೇ ಹರಿದುಹೋಗತ್ತೆ."

ಅಷ್ಟಕ್ಕೆ ಮೊದಲ ಏಟು.

ಶೆಡ್ಡಿನ ಹಿಂಬಾಗಿಲಿನಿಂದ ಅಕ್ಕ ಓಡಿಬಂದಳು. ಕೈಯಲ್ಲಿ ಕತ್ತಿ ಇತ್ತು, ಕತ್ತರಿಸುತ್ತಿದ್ದವಳು ಹಾಗೇ ಬಂದಿದ್ದಳು. ಮೇಸ್ತ್ರಿ ಕಾಲು ಅಡ್ಡಕೊಟ್ಟ. ಬಿದ್ದಳು. ಪಡೆಯವನೊಬ್ಬ ಅವಳ ಕತ್ತಿನ ಮೇಲೆ ಬೂಟು ಇಟ್ಟ. ಕೆನ್ನೆ ನೆಲಕ್ಕೆ ಒತ್ತಿಕೊಂಡಿತು. ಆ ಮಟ್ಟದಿಂದ ಅವಳಿಗೆ ಕಂಡದ್ದು ಇಷ್ಟೇ: ತಮ್ಮನ ಪಾದಗಳು, ಮೀನಿನ ಹುರುಪೆ, ಮತ್ತೆರಡು ಸಲ ಮೇಲೆದ್ದು ಇಳಿದ ಹುಟ್ಟಿನ ನೆರಳು. ಮೂಳೆ ಮುರಿಯುವ ಸದ್ದು ಅವಳಿಗೆ ಹೊಸದು. ಅವಳು ಇಪ್ಪತ್ತು ವರ್ಷದಿಂದ ಸೀಳುತ್ತಿದ್ದದ್ದು ಶಾರ್ಕುಗಳನ್ನು. ದೇವರು ಶಾರ್ಕಿಗೆ ಮೂಳೆ ಕೊಟ್ಟಿಲ್ಲ.

ಮೂಳೆಯ ಬದಲು ಚರ್ಮ ಕೊಟ್ಟ. ತಲೆಯಿಂದ ಬಾಲಕ್ಕೆ ಸವರಿದರೆ ರೇಷ್ಮೆ. ಬಾಲದಿಂದ ತಲೆಗೆ ಸವರಿದರೆ ಅರ. ಆ ಅರದ ಮೇಲೆ ದಿನಕ್ಕೆ ಹತ್ತು ಗಂಟೆ ಕೈಯಾಡಿಸಿದವರ ಬೆರಳ ತುದಿಯಲ್ಲಿ ಏನೂ ಉಳಿಯುವುದಿಲ್ಲ. ಸುತ್ತು ಸುತ್ತು ಗೆರೆಗಳು ಮೊದಲು ಹೋಗುತ್ತವೆ. ಆಮೇಲೆ ಬಿಸಿ ತಣ್ಣಗಿನ ಅರಿವು. ಅವಳ ಅಂಗೈ ಇಟ್ಟಿಗೆಯ ಹಾಗೆ, ಬೆರಳ ತುದಿ ಗಾಜಿನ ಹಾಗೆ. ಅದಕ್ಕೇ ಶೆಡ್ಡಿನ ಹೆಂಗಸರು ಅವಳನ್ನು ನುಣ್ಣಕ್ಕ ಎಂದು ಕರೆಯುತ್ತಿದ್ದರು.

ಮುಂಬಾಗಿಲಲ್ಲಿ ಹಾಜರಿಗೆ ಹೆಬ್ಬೆಟ್ಟು ಓದುವ ಯಂತ್ರ ತಂದಿಟ್ಟಾಗ ನುಣ್ಣಕ್ಕನ ಬೆರಳನ್ನು ಅದು ಓದಲಿಲ್ಲ. ಕತ್ತರಿಸುವ ಮೂವತ್ತು ಹೆಂಗಸರಲ್ಲಿ ಇಪ್ಪತ್ತಾರು ಜನರದನ್ನು ಓದಲಿಲ್ಲ. "ಯಂತ್ರಕ್ಕೆ ನೀವು ಕಾಣಲ್ಲವಂತೆ," ಎಂದು ಮೇಸ್ತ್ರಿ ನಕ್ಕಿದ್ದ. "ಹಿಂದಿನ ಚರಂಡಿ ಬಾಗಿಲಿಂದ ಬನ್ನಿ, ಅಲ್ಲಿ ಯಂತ್ರ ಇಲ್ಲ." ಅಂದಿನಿಂದ ಅವರು ಚರಂಡಿ ಬಾಗಿಲಿಂದ ಬರುತ್ತಿದ್ದರು. ಮುಂದೆ ಕೊಳ್ಳುವವರು ನಿಲ್ಲುತ್ತಾರೆ, ಅವರಿಗೆ ವಾಸನೆ ಆಗದು ಎಂಬ ಮಾತೂ ಅದಕ್ಕೆ ಸೇರಿತು. ನೀರು ಕುಡಿಯುವುದಕ್ಕೂ ಹಿಂದಿನ ನಲ್ಲಿ. ಅದೇ ನೆಲ ತೊಳೆಯುವ ನಲ್ಲಿ.

ಆದರೂ ಅವಳ ಮನಸ್ಸು ಬಿರುಸಾಗಿರಲಿಲ್ಲ. ಪ್ರತಿ ಮೀನಿನ ಪಕ್ಕೆಯ ಮೇಲೆ ಮೊದಲು ಕೈಯಿಡುತ್ತಿದ್ದಳು. "ತಪ್ಪಾಯ್ತು, ಹೊಟ್ಟೆಪಾಡು," ಎನ್ನುತ್ತಿದ್ದಳು. ಆಮೇಲೆ ಕತ್ತಿ ಹಾಕುತ್ತಿದ್ದಳು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

*

ತಮ್ಮನ ಕೈ ಮುರಿದ ಆ ಮಧ್ಯಾಹ್ನ ಚರಂಡಿ ಬಾಗಿಲಿಗೆ ಸೀಸೆ ಹುಡುಗಿ ಬಂದಳು. ಶಾರ್ಕುಗಳ ಸಂತತಿ ಉಳಿಸಬೇಕೆಂದು ಪರೀಕ್ಷೆ ನಡೆಸುವ ಸಂಸ್ಥೆಯವಳು. ತಿಂಗಳಿಗೆರಡು ಸಲ ಪುಟ್ಟ ಪುಟ್ಟ ಸೀಸೆಗಳ ಪೆಟ್ಟಿಗೆ ಹಿಡಿದು ಬರುತ್ತಾಳೆ. ದೋಣಿಗಳಲ್ಲಿ ಮಂಜುಗಡ್ಡೆ ಉಳಿಸಲು ತಲೆ, ರೆಕ್ಕೆ ಕಡಿದೇ ಮೀನು ತರುತ್ತಾರೆ. ಬರೀ ಮುಂಡ ನೋಡಿ ಇದು ಯಾವ ಶಾರ್ಕು ಎಂದು ಹೇಳುವುದು ಕಷ್ಟ. ಮಾಂಸದ ಒಂದು ಚೂರಿದ್ದರೆ ಅವಳ ಯಂತ್ರ ಹೇಳುತ್ತದೆ. ಪ್ರತಿ ಬಗೆಯ ಮೀನಿಗೂ ಅದರದೇ ಗೆರೆಗಳ ಸಾಲು ಬರುತ್ತದೆ, ಒಂದರದು ಇನ್ನೊಂದಕ್ಕೆ ಬರುವುದಿಲ್ಲ, ಎಂದು ಅವಳೇ ಒಮ್ಮೆ ಹೇಳಿದ್ದಳು.

ಮೊದಲ ಸಲ ಬಂದಾಗ ಹುಡುಗಿ ಒದ್ದೆ ನೆಲದಲ್ಲಿ ಎರಡು ಸಲ ಜಾರಿಬಿದ್ದಿದ್ದಳು. ಅಂದಿನಿಂದ ಚೂರು ತೆಗೆದುಕೊಡುವ ಕೆಲಸ ನುಣ್ಣಕ್ಕನದಾಯಿತು. ಬೆನ್ನಿನ ರೆಕ್ಕೆಯ ಬುಡದಿಂದ ಉಗುರಿನಷ್ಟು ತುಂಡು. ಸೀಸೆಗೆ ಹಾಕಿ ಕೊಡುತ್ತಿದ್ದಳು. ಹುಡುಗಿ ಚೀಟಿ ಅಂಟಿಸುತ್ತಿದ್ದಳು.

"ಅಕ್ಕ," ಎಂದಳು ಹುಡುಗಿ. ಕಣ್ಣು ಊದಿತ್ತು. "ನಿಮ್ಮ ತಮ್ಮನ ಆರು ಸೀಸೇಲೂ ಎರಡು ಸಾಲು ಗೆರೆ ಬಂದಿತ್ತು. ಚೂಪುಮೂತಿದು ದಟ್ಟವಾಗಿ, ಸುತ್ತಿಗೆ ತಲೇದು ತೆಳ್ಳಗೆ. ನಾನು ಎರಡನ್ನೂ ಬರೆದುಕೊಟ್ಟೆ. ತನಿಖೆ ಸಾಹೇಬರು ಸುತ್ತಿಗೆ ತಲೇದನ್ನ ಮಾತ್ರ ಇಟ್ಕೊಂಡ್ರು. ಒಂದು ಮೀನಿನ ತುಂಡಲ್ಲಿ ಎರಡು ಮೀನು ಹೇಗಿರತ್ತೆ, ಅಕ್ಕ?"

ನುಣ್ಣಕ್ಕ ತಿರುಗಿ ತನ್ನ ಹಲಗೆ ನೋಡಿದಳು.

ಕತ್ತರಿಸುವವರ ರೂಢಿಯೊಂದಿದೆ. ಹೊರಗಿನವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಶಾರ್ಕಿನ ಚರ್ಮ ಹಲಗೆಗೆ ಕಚ್ಚಿಕೊಳ್ಳುತ್ತದೆ, ಕತ್ತಿಯನ್ನು ಹಿಡಿದುಬಿಡುತ್ತದೆ. ಅದಕ್ಕೆ ಹಲಗೆಗೂ ಅಲಗಿಗೂ ಈಲಿ ಸವರುತ್ತಾರೆ. ಈಲಿ ಎಂದರೆ ಮೀನಿನ ಯಕೃತ್ತು, ಶಾರ್ಕಿನ ಹೊಟ್ಟೆ ತುಂಬ ಇರುವುದು ಅದೇ, ಎಣ್ಣೆಯ ಮುದ್ದೆ. ದೊಡ್ಡ ಶಾರ್ಕು ಬಂದರೆ ಅದರ ಈಲಿಗೆ ಉಪ್ಪು ಹಾಕಿ ಹಲಗೆಯ ಕೆಳಗೆ ಮೊಳೆ ಹೊಡೆದ ಡಬ್ಬಿಯಲ್ಲಿ ತುಂಬಿಡುತ್ತಾರೆ. ತಿಂಗಳೊಪ್ಪತ್ತು ಬರುತ್ತದೆ. ಪ್ರತಿ ಮೀನಿಗೂ ಮೊದಲು ಎರಡು ಬೆರಳು ಅದ್ದಿ ಸವರಬೇಕು.

ಮೂರು ವಾರದ ಹಿಂದೆ ಧಣಿಯ ದೊಡ್ಡ ಹಡಗು ಬಂದಿತ್ತು. ಬೆಳಗ್ಗೆ ಹಿಂಬಾಗಿಲಿನಿಂದ ಎರಡು ಶಾರ್ಕುಗಳನ್ನು ಎಳೆದು ತಂದು ಅವಳ ಹಲಗೆಯ ಮೇಲೆ ಕೆಡವಿದರು. ತಲೆ ಇರಲಿಲ್ಲ. ಅವಳಿಗೆ ತಲೆ ಬೇಕಿರಲಿಲ್ಲ. ಪಕ್ಕೆಯ ಮೇಲೆ ಕೈಯಿಟ್ಟಾಗಲೇ ಗೊತ್ತಾಯಿತು. "ಮೇಸ್ತ್ರಿ, ಇದು ಸುತ್ತಿಗೆ ತಲೆ," ಎಂದಿದ್ದಳು. "ನಿನ್ನ ಕೆಲಸ ಕತ್ತರಿಸೋದು, ನಾಮಕರಣ ಮಾಡೋದಲ್ಲ," ಎಂದಿದ್ದ ಮೇಸ್ತ್ರಿ. ಕತ್ತರಿಸಿದಳು. ರೆಕ್ಕೆ ಚೀಲಕ್ಕೆ ಹೋಯಿತು. ಮಾಂಸ ಲಾರಿಗೆ ಹೋಯಿತು. ಈಲಿ ಅವಳ ಡಬ್ಬಿಗೆ ಬಂತು. ಅದೇ ಮಧ್ಯಾಹ್ನ ತಮ್ಮನ ಆರು ಚೂಪುಮೂತಿ ಬಂದವು, ಸೀಸೆ ಹುಡುಗಿಯೂ ಬಂದಳು. ನುಣ್ಣಕ್ಕ ಎಂದಿನಂತೆ ಈಲಿ ಸವರಿದಳು, ತುಂಡು ತೆಗೆದಳು, ಸೀಸೆಗೆ ಹಾಕಿದಳು. ಆರು ಸಲ.

ಮೀನನ್ನು ಜನ ತಿಂದು ಮುಗಿಸಿದರು. ಸೀಸೆ ಉಳಿಯಿತು.

"ನಾನೇ ಮಾಡಿದ್ದು," ಎಂದಳು. ಡಬ್ಬಿ ತೋರಿಸಿ ಎಲ್ಲ ಹೇಳಿದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಾಳೆ ಹತ್ತು ಗಂಟೆಗೆ ವಿಚಾರಣೆ ಅಕ್ಕ. ಆಮೇಲೆ ನಿಮ್ಮ ತಮ್ಮನ್ನ ದೊಡ್ಡ ಜೈಲಿಗೆ ಕಳಿಸ್ತಾರೆ. ಏಳು ವರ್ಷ."

*

ಠಾಣೆಯ ಕಿಟಕಿಯಿಂದ ತಮ್ಮ ಕಂಡ. ಕೈಗೆ ಬಟ್ಟೆ ಸುತ್ತಿದ್ದರು. ಊದಿಕೊಂಡು ತೊಡೆಯಷ್ಟಾಗಿತ್ತು. ಅವಳು ಸುತ್ತಿಬಳಸಲಿಲ್ಲ.

"ನನ್ನ ಕೈಯಿಂದ ಆಗಿದ್ದು ಕಣೋ. ನನ್ನ ಡಬ್ಬೀಲಿದ್ದ ಧಣಿ ಮೀನಿನ ಈಲಿ ನಿನ್ನ ಸೀಸೆಗೆ ಸೇರಿಬಿಟ್ಟಿದೆ."

ತಮ್ಮ ಊದಿದ ಕೈ ನೋಡಿಕೊಂಡ. ಆಮೇಲೆ ಕೇಳಿದ:

"ಅಪ್ಪನ ಹುಟ್ಟು ಎಲ್ಲಿದೆ?"

"ಮನೆಗೆ ತಂದಿಟ್ಟಿದ್ದೀನಿ."

"ಒಳ್ಳೇದು. ಇನ್ನು ಎಡಗೈಲಿ ಹಾಕೋದು ಕಲೀಬೇಕು. ದೋಣಿ ಒಂದೇ ಕಡೆ ಸುತ್ತುತ್ತಾ ಇರತ್ತೆ." ನಗಲು ಹೋದ. ಮುಖ ಕಿವುಚಿತು. "ಅಕ್ಕ, ನೀನು ಹೇಳಿದ್ರೆ ಧಣಿ ನಿನ್ನ ಉಳಿಸಲ್ಲ."

"ನೀನು ಕೈ ಎತ್ತಿ ಇಟ್ಕೋ. ಕೆಳಗೆ ಬಿಟ್ರೆ ಇನ್ನೂ ಊದತ್ತೆ," ಎಂದು ಅವಳು ಹೊರಟಳು.

ಅವಳು ಶೆಡ್ಡಿಗೆ ಮರಳುವ ಮೊದಲೇ ಕರೆ ಬಂದಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಧಣಿಯ ಕೋಣೆಗೆ ಹೋದಳು. ಕೋಣೆ ತಣ್ಣಗಿತ್ತು. ಮೇಜಿನ ಮೇಲೆ ಕಾಗದ, ಶಾಯಿಯ ಡಬ್ಬಿ. ಸುತ್ತಿಗೆ ತಲೆಗಳು ನನ್ನ ತಮ್ಮನ ದೋಣಿಯಿಂದಲೇ ಬಂದವು, ನಾನೇ ಕಣ್ಣಾರೆ ಕಂಡು ಕತ್ತರಿಸಿದೆ, ಎಂದು ಬರೆದಿತ್ತು. ಮೇಸ್ತ್ರಿ ಓದಿ ಹೇಳಿದ.

"ಹೆಬ್ಬೆಟ್ಟು ಒತ್ತಮ್ಮ," ಎಂದ ಧಣಿ. ಮೆತ್ತಗಿನ ದನಿ. "ಹೇಗೂ ಅವನು ಒಳಗೆ ಹೋಗೋದೇ. ಮನೇಲಿ ಇಬ್ಬರೂ ಹಾಳಾಗೋದು ಯಾಕೆ?"

ಅವಳು ಕೈ ಚಾಚಲಿಲ್ಲ. ಮೇಸ್ತ್ರಿ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಶಾಯಿಗದ್ದಿ ಒತ್ತಿದ. ಕಾಗದದ ಮೇಲೆ ಕಪ್ಪು ಮುದ್ದೆ ಬಿತ್ತು. ಗೆರೆ ಇಲ್ಲ. ಒರೆಸಿ ಮತ್ತೆ ಒತ್ತಿದ. ಮತ್ತೆ ಮುದ್ದೆ. ಎಡಗೈ ಹಿಡಿದ. ಅದೂ ಅಷ್ಟೇ.

"ಒತ್ತಿ ಮೇಸ್ತ್ರಿ," ಎಂದಳು ಅವಳು. "ಎಷ್ಟು ಸಲ ಬೇಕಾದ್ರೂ ಒತ್ತಿ. ನಿಮ್ಮ ಮೀನು ತಿಂದ್ಬಿಟ್ಟಿದೆ ಆ ಗೆರೇನ."

"ಹಾಗಾದ್ರೆ ನಾಳೆ ಬಂದು ಬಾಯಲ್ಲಿ ಹೇಳು," ಎಂದ ಧಣಿ.

"ಹೇಳಲ್ಲ."

"ಏನಂದೆ?"

"ಇಪ್ಪತ್ತು ವರ್ಷದಲ್ಲಿ ನಿಮಗೆ ಒಂದು ಸಲವೂ ಆಗಲ್ಲ ಅಂದಿಲ್ಲ ನಾನು. ಇವತ್ತು ಅಂತಿದ್ದೀನಿ. ಹೇಳಲ್ಲ. ಆ ಎರಡು ಮೀನು ನಿಮ್ಮ ಹಡಗಿನವು. ಈಲಿ ನನ್ನ ಡಬ್ಬೀಲಿದೆ."

ಮಂಜುಗಡ್ಡೆ ಎಳೆಯುವ ಕೊಕ್ಕೆಯ ಮರದ ಹಿಡಿಯಿಂದ ಮೇಸ್ತ್ರಿ ಅವಳ ಬಾಯಿಗೆ ಹೊಡೆದ. ಗೋಡೆಗೆ ತಗುಲಿ ಕುಸಿದಳು. ಹೊಟ್ಟೆಗೆ ಒದ್ದ. ಕೂದಲು ಹಿಡಿದು ಎತ್ತಿ ನಿಲ್ಲಿಸಿ ಇನ್ನೊಂದು ಹೊಡೆದ. ಕೆಲಸದ ಹೊಡೆತ ಅದು, ಸಿಟ್ಟಿನದಲ್ಲ. ದಿನವೂ ಮಂಜುಗಡ್ಡೆ ಒಡೆದು ಅಭ್ಯಾಸವಾದ ತೋಳು. ಅವಳು ನಾಲಿಗೆಯಿಂದ ಬಾಯಿಯೊಳಗೆ ತಡವಿದಳು. ಎರಡು ಹಲ್ಲು ಸಿಕ್ಕವು. ಉಗಿಯಲಿಲ್ಲ. ಕೈಗೆ ತೆಗೆದುಕೊಂಡು ಧಣಿಯ ಮೇಜಿನ ಮೇಲೆ, ಕಾಗದದ ಪಕ್ಕದಲ್ಲಿ, ಜೋಡಿಸಿಟ್ಟಳು.

ಧಣಿ ಕುರ್ಚಿ ಹಿಂದಕ್ಕೆ ಸರಿಸಿದ. "ಯಂತ್ರದ ಪಟ್ಟಿಯಲ್ಲಿ ಇವಳಿದ್ದಾಳಾ?" ಎಂದು ಮೇಸ್ತ್ರಿಯನ್ನು ಕೇಳಿದ.

"ಇಲ್ಲ ಧಣಿ. ಬೆರಳು ಓದಲಿಲ್ಲವಲ್ಲ."

"ಹಾಗಾದ್ರೆ ಇವಳು ನಮ್ಮಲ್ಲಿ ಯಾವತ್ತೂ ಕೆಲಸಕ್ಕೇ ಇರಲಿಲ್ಲ. ಮರದ ಹಲಗೆ ಎಲ್ಲಾ ಕೊಳೆತಿದೆ, ನಾಳೆ ಬೆಳಗ್ಗೆ ಸುಟ್ಹಾಕು. ಪ್ಲಾಸ್ಟಿಕ್ಕಿಂದು ತರಿಸ್ತೀನಿ."

*

ಬೆಳಗ್ಗೆ ಶೆಡ್ಡಿನ ಸುತ್ತುಗೋಡೆಯ ಹಿತ್ತಲಲ್ಲಿ ಹಲಗೆಗಳನ್ನು ರಾಶಿ ಹಾಕಿದ್ದರು. ಒಂದು ಬದಿಗೆ ಬೆಂಕಿ ಆಗಲೇ ಹತ್ತಿತ್ತು. ಈಲಿಯ ಎಣ್ಣೆ ಕುಡಿದ ಮರ, ಚಟಚಟ ಉರಿಯುತ್ತಿತ್ತು. ಕತ್ತರಿಸುವ ಹೆಂಗಸರು ಕತ್ತಿ ಹಿಡಿದು ನಿಂತಿದ್ದರು.

ಚಿಕ್ಕಮ್ಮ ಅವಳನ್ನು ನೋಡಿದಳು. ಅವ್ವನ ತಂಗಿ, ಪಕ್ಕದ ಹಲಗೆಯವಳು.

"ಏನೇ, ಹಲ್ಲು ಎಲ್ಲಿಟ್ಟು ಬಂದೆ?"

"ಧಣಿ ಮೇಜಿನ ಮೇಲೆ."

"ಒಳ್ಳೇದಾಯ್ತು. ಅಲ್ಲೇ ಇರಲಿ, ಕಚ್ಚಲಿ." ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಈಗೇನು ಹೇಳು."

"ನನ್ನ ಹಲಗೆ ಬೇಕು."

ರಾಶಿಯಲ್ಲಿ ಅದು ಕೆಳಗಿನಿಂದ ಎರಡನೆಯದು. ಅಂಚಿನ ಸೀಳಿನಿಂದ ಗುರುತು ಹಿಡಿದಳು. ಹನ್ನೊಂದು ವರ್ಷದ ಹಿಂದೆ ಕತ್ತಿ ಜಾರಿ ಅವಳ ಎಡಗೈ ಕಿರುಬೆರಳಿನ ತುದಿ ಆ ಸೀಳಿನಲ್ಲೇ ಹೋಗಿತ್ತು. ರಕ್ತ ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಗೆ ಮೇಸ್ತ್ರಿ ಬೈದಿದ್ದ. ಆಮೇಲೂ ಎಷ್ಟೋ ಸಲ ಕೈ ಕೊಯ್ದಿತ್ತು. ಆ ರಕ್ತವೂ ಆ ಸೀಳಿಗೇ ಇಳಿದಿತ್ತು.

ಅವಳು ಬೆಂಕಿಯ ಬದಿಗೆ ಹೋಗಿ ಮೇಲಿನ ಹಲಗೆಗಳನ್ನು ಎಳೆದು ಕೆಡವಿದಳು. ಉರಿಯುತ್ತಿದ್ದದ್ದನ್ನೂ ಬರಿಗೈಯಲ್ಲಿ ಹಿಡಿದಳು. ಬಿಸಿ ತಡವಾಗಿ ಗೊತ್ತಾಯಿತು. ಚಿಕ್ಕಮ್ಮ ಇನ್ನೊಂದು ತುದಿ ಹಿಡಿದಳು. ಆಳುದ್ದದ ಹಲಗೆ, ಗೇಣು ದಪ್ಪ. ಇಬ್ಬರಿಂದ ಆಗಲಿಲ್ಲ. ಆರು ಜನ ಬಂದರು. ಹೆಗಲಿಗೇರಿತು. ಕೆಳಗೆ ಮೊಳೆ ಹೊಡೆದ ಡಬ್ಬಿ ಹಾಗೇ ಇತ್ತು.

"ಹೊರಗೆ ಹೋಗೋ ಚರಂಡಿ ಬಾಗಿಲು ಕಿರಿದು, ಹಲಗೆ ಹೋಗಲ್ಲ," ಎಂದಳು ಒಬ್ಬಳು.

"ಮುಂದಿನ ಬಾಗಿಲಿದೆಯಲ್ಲ," ಎಂದಳು ಚಿಕ್ಕಮ್ಮ.

ಶೆಡ್ಡಿನ ಒಳಗಿನಿಂದಲೇ ನಡೆದರು. ಹರಾಜು ಕಟ್ಟೆ ದಾಟಿದರು. ಕೊಳ್ಳುವವರು ಮೂಗಿಗೆ ಬಟ್ಟೆ ಹಿಡಿದು ಸರಿದರು. ಮುಂಬಾಗಿಲಲ್ಲಿ ಮೇಸ್ತ್ರಿ ಮತ್ತು ನಾಲ್ಕು ಜನ ಕೋಲು ಹಿಡಿದು ನಿಂತಿದ್ದರು. "ಇಳಿಸಿ," ಎಂದ. ಇಳಿಸಲಿಲ್ಲ. ಹೊಡೆದರು. ಕೈ ಖಾಲಿ ಇಲ್ಲದವರನ್ನು ಹೊಡೆಯುವುದು ಸುಲಭ. ಮೊಣಕಾಲಿಗೆ ಹೊಡೆದರು, ಪಕ್ಕೆಗೆ ಹೊಡೆದರು. ಒಬ್ಬಳು ಬಿದ್ದರೆ ಹಿಂದಿನಿಂದ ಇನ್ನೊಬ್ಬಳು ಹೆಗಲು ಕೊಟ್ಟಳು. ಚಿಕ್ಕಮ್ಮನ ತಲೆ ಒಡೆಯಿತು. ರಕ್ತ ಕಣ್ಣಿಗಿಳಿಯಿತು. "ದಾರಿ ಕಾಣ್ತಿಲ್ಲ, ಯಾರಾದ್ರೂ ಹೇಳ್ರೇ," ಎನ್ನುತ್ತಲೇ ನಡೆದಳು. ಮೇಸ್ತ್ರಿ ಬಾಗಿಲು ಮುಚ್ಚಲು ಹೋದ. ಅವರು ನಿಲ್ಲಲಿಲ್ಲ. ಹಲಗೆಯ ತುದಿ ಅವನ ಎದೆಗೆ ಬಡಿಯಿತು. ಹೆಬ್ಬೆಟ್ಟಿನ ಯಂತ್ರದ ಮೇಲೆ ಬೆನ್ನಡಿಯಾಗಿ ಬಿದ್ದ. ಯಂತ್ರ ಗೋಡೆಯಿಂದ ಕಿತ್ತು ಬಂತು. ಹೆಂಗಸರು ಅದರ ಮೇಲೆ ಕಾಲಿಟ್ಟು ದಾಟಿದರು.

*

ಠಾಣೆಯ ವಿಚಾರಣೆಯ ಕೋಣೆಯಲ್ಲಿ ಗಾಜು ಹಾಸಿದ ಮೇಜಿತ್ತು. ಹಲಗೆಯನ್ನು ಅದರ ಮೇಲೇ ಇಳಿಸಿದರು. ಗಾಜು ಒಡೆಯಿತು. ತನಿಖೆ ಸಾಹೇಬ ಎದ್ದು ನಿಂತ. ಮೂಲೆಯಲ್ಲಿ ತಮ್ಮ, ಎಡಗೈಗೆ ಬೇಡಿ. ಗೋಡೆಯ ಪಕ್ಕ ಸೀಸೆ ಹುಡುಗಿ, ಪೆಟ್ಟಿಗೆ ಹಿಡಿದು. ಹಿಂದೆಯೇ ಮೇಸ್ತ್ರಿ ಎದೆ ಒತ್ತಿಕೊಳ್ಳುತ್ತ ಓಡಿಬಂದ.

ನುಣ್ಣಕ್ಕ ಹೇಳಿದಳು. ತುಟಿ ಊದಿತ್ತು, ಮಾತು ತೊದಲುತ್ತಿತ್ತು, ಆದರೂ ಒಂದನ್ನೂ ಬಿಡದೆ ಹೇಳಿದಳು. ಎರಡು ಮೀನು, ಈಲಿ, ಡಬ್ಬಿ, ಆರು ಸೀಸೆ. ತನ್ನ ತಪ್ಪನ್ನೂ ಹೇಳಿದಳು.

"ಹಲಗೆ ನಮ್ಮದೇ ಸಾಹೇಬ್ರೇ," ಎಂದ ಮೇಸ್ತ್ರಿ. "ಕದ್ದು ತಂದಿದ್ದಾರೆ. ಆದ್ರೆ ಇವಳು ಅದರ ಮುಂದೆ ನಿಂತವಳೇ ಅಲ್ಲ. ನಮ್ಮಲ್ಲಿ ಕೆಲಸಕ್ಕೇ ಇಲ್ಲ. ಪಟ್ಟಿ ನೋಡಿ. ತಮ್ಮನ್ನ ಉಳಿಸೋಕೆ ಮನೆಯಿಂದ ಈಲಿ ತಂದು ತುಂಬಿದ್ದಾಳೆ."

ಸಾಹೇಬ ಪಟ್ಟಿ ನೋಡಿದ. ಹುಡುಗಿಯ ಕಡೆ ತಿರುಗಿದ. "ಅವತ್ತು ತುಂಡು ತೆಗೆದಿದ್ದು ನೀನು ತಾನೇ? ಹಾಗಂತ ಸಹಿ ಮಾಡಿದ್ದೀಯ. ಬೇರೆಯವರು ತೆಗೆದರು ಅಂತ ಬರ್ಕೊಂಡ್ರೆ ನಿನ್ನ ಕೆಲಸ ಉಳಿಯಲ್ಲ."

ಹುಡುಗಿ ತಲೆ ತಗ್ಗಿಸಿದಳು. ಚಿಕ್ಕಮ್ಮನ ಹಣೆಯ ರಕ್ತ ಹಲಗೆಯ ಮೇಲೆ ತೊಟ್ಟಿಕ್ಕುವುದು ಕೇಳುತ್ತಿತ್ತು.

"ಬರ್ಕೊಳ್ಳಿ," ಎಂದಳು ಹುಡುಗಿ. "ತೆಗೆದಿದ್ದು ಈ ಅಕ್ಕ. ಇದೇ ಹಲಗೆ ಮೇಲೆ. ಯಾವಾಗಲೂ ಇವರೇ. ಎರಡು ಸಾಲು ಬಂದಿತ್ತು ಅಂತಲೂ ಬರ್ಕೊಳ್ಳಿ."

"ಅದು ನಿನ್ನ ಬಾಯಿಮಾತು. ಇವಳು ಅಲ್ಲಿ ಕೆಲಸ ಮಾಡಿದ್ದಕ್ಕೆ ಗುರುತೇನಿದೆ?"

ನುಣ್ಣಕ್ಕ ಹಲಗೆಯ ಅಂಚಿನ ಸೀಳಿಗೆ ಬೆರಳಿಟ್ಟಳು. ತುದಿಯಿಲ್ಲದ ಕಿರುಬೆರಳು ಅಲ್ಲಿ ಸರಿಯಾಗಿ ಕೂತಿತು.

"ಇದರೊಳಗೆ ನನ್ನ ರಕ್ತ ಇದೆ. ಹನ್ನೊಂದು ವರ್ಷದ್ದು. ಮೀನಿನ ಚೂರು ನೋಡಿ ಇಂಥದ್ದೇ ಮೀನು ಅಂತ ಹೇಳ್ತೀರಲ್ಲ, ಈ ಮರ ಕೆರೆದು ಇಂಥವಳೇ ಅಂತ ಹೇಳಿ." ಹುಡುಗಿಯ ಕಡೆ ಕೈ ಚಾಚಿದಳು. "ಮಗಳೇ, ನಿನ್ನ ಪೆಟ್ಟಿಗೇಲಿರೋ ಹೊಸ ಅಲಗು ಕೊಡು. ನನ್ನದು ಬೇಡ. ನನ್ನದಕ್ಕೆ ಈಲಿ ಹತ್ತಿದೆ."

ಹುಡುಗಿಗೆ ಅರ್ಥವಾಯಿತು. "ಬೇಡ ಅಕ್ಕ. ಕೆನ್ನೆ ಒಳಗೆ ಒಂದು ಹತ್ತಿಕಡ್ಡಿ ಆಡಿಸಿದ್ರೆ ಸಾಕು."

"ಬಾಯಿತುಂಬ ಮೇಸ್ತ್ರಿಯ ಕೊಕ್ಕೆ ಆಡಿದೆ. ಅದಕ್ಕೆ ಹತ್ತಿದ ಮೀನೂ ಕಲೆಸಿ ಬರತ್ತೆ. ಕೊಡು."

ಹುಡುಗಿ ಕೊಟ್ಟ ಕಾಗದದ ಪೊಟ್ಟಣ ಹರಿದು ನುಣ್ಣಕ್ಕ ಅಲಗು ತೆಗೆದಳು. ಎಡದ ಮುಂಗೈಯ ಮೇಲೆ ಬಲಗೈ ಇಟ್ಟಳು, ಮೀನಿನ ಪಕ್ಕೆಯ ಮೇಲೆ ಇಡುವ ಹಾಗೆ. ಬಾಯಿ ಅಭ್ಯಾಸದಿಂದ ತೆರೆಯಿತು. ತಪ್ಪಾಯ್ತು ಎನ್ನಲಿಲ್ಲ. ಮುಚ್ಚಿಕೊಂಡಳು. ಉಗುರಿನಷ್ಟು ತುಂಡು. ಓರೆಯಾಗಿ ಒಂದು ಗೀರು, ಅಡ್ಡ ಒಂದು, ಕೆಳಗಿನಿಂದ ಎತ್ತಿದಳು. ತಮ್ಮ ಮೂಲೆಯಿಂದ "ಅಕ್ಕ" ಎಂದ. ಸಾಹೇಬ ಗೋಡೆಯ ಕಡೆ ಮುಖ ಮಾಡಿದ. ತುಂಡನ್ನು ಸೀಸೆಗೆ ಹಾಕಿ ಹುಡುಗಿಯ ಮುಂದೆ ಹಿಡಿದಳು.

"ಮುಚ್ಚಳ ಬಿಗಿಯಾಗಿ ಹಾಕು. ಚೀಟಿ ಅಂಟಿಸು."

ಹುಡುಗಿ ಇನ್ನೆರಡು ಸೀಸೆ ತುಂಬಿದಳು. ಒಂದಕ್ಕೆ ಡಬ್ಬಿಯ ಈಲಿ, ಒಂದಕ್ಕೆ ಸೀಳಿನಿಂದ ಕೆರೆದ ಮರದ ಪುಡಿ, ಮೂರನೆಯದು ಆ ತುಂಡಿನದು. ಮೂರಕ್ಕೂ ಚೀಟಿ ಬರೆದಳು. ತುಂಡು ತೆಗೆದವರು ಯಾರು ಎಂಬಲ್ಲಿ ಇಷ್ಟು ದಿನ ತನ್ನದೇ ಸಹಿ ಹಾಕುತ್ತಿದ್ದವಳು ಮೂರನೆಯ ಸೀಸೆಯಲ್ಲಿ ಆ ಜಾಗ ಖಾಲಿ ಬಿಟ್ಟು ನುಣ್ಣಕ್ಕನ ಕಡೆ ಸರಿಸಿದಳು.

ಅವಳು ಹೆಬ್ಬೆರಳನ್ನು ಮುಂಗೈಯ ಗಾಯಕ್ಕೆ ಅದ್ದಿ ಚೀಟಿಯ ಮೇಲೆ ಒತ್ತಿದಳು. ಕೆಂಪು ಮುದ್ದೆ ಬಿತ್ತು.

ಸಾಹೇಬ ಬಗ್ಗಿ ನೋಡಿದ. "ಇದರಲ್ಲಿ ಗೆರೆಯೇ ಇಲ್ಲವಲ್ಲ."

"ಸೀಸೇಲಿದೆ," ಎಂದಳು ನುಣ್ಣಕ್ಕ. "ಓದಿಸಿ."

ಅವಳು ಹೊರಗೆ ಹೋಗಲಿಲ್ಲ. ತಮ್ಮನ ಪಕ್ಕ ನೆಲದ ಮೇಲೆ ಕೂತು ಅವನ ಮುರಿದ ಕೈಯನ್ನು ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡಳು. ಚಿಕ್ಕಮ್ಮ ಬಾಗಿಲಿಗೆ ಅಡ್ಡ ಕೂತಳು. ಉಳಿದ ಹೆಂಗಸರು ಮೆಟ್ಟಿಲ ಮೇಲೆ ಕೂತರು. ಶೆಡ್ಡಿನಲ್ಲಿ ಅಂದು ಬೆಳಗ್ಗೆ ಇಳಿಸಿದ್ದ ಮೀನು ಬಿಸಿಲಿಗೆ ಬಿದ್ದಿತ್ತು. ಕತ್ತರಿಸಲು ಯಾರೂ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ವಾಸನೆ ಧಣಿಯ ಮುಂಬಾಗಿಲು ದಾಟಿ ಬೀದಿಗೆ ಬಂತು.